ಎಮ್ಮೆ ಮುಳುಗುವ ಹೊತ್ತು

ಊರಿನವರು ಅವಳನ್ನು ಗೆರೆಯಕ್ಕ ಎಂದು ಕರೆಯುತ್ತಿದ್ದರು. ರಸ್ತೆಯ ನಡುಗೆರೆ, ಶಾಲೆಯೆದುರಿನ ದಾಟುಪಟ್ಟೆ, ಬಂದರುಕಟ್ಟೆಯ ಅಂಚಿಗೆ ಬಳಿದ ಹಳದಿ, ದೋಣಿಗಳ ಮೂತಿಯ ಮೇಲಿನ ಅಂಕಿಗಳು, ಹೀಗೆ ಆ ದ್ವೀಪದಲ್ಲಿ ಬಣ್ಣದಿಂದ ಎಳೆದ ಗೆರೆ ಎಲ್ಲಿ ನೇರವಾಗಿತ್ತೋ ಅದು ಅವಳ ಕೈಯದೇ. ದೋಣಿಗಳಿಗೆ ಹೆಸರು ಬರೆಯುತ್ತಿದ್ದ ಅಪ್ಪನಿಂದ ಕಲಿತ ಕಸುಬು. ಅಪ್ಪ ಒಂದು ದಿನ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಕುಂಚ ಅವಳ ಕೈಗೆ ಬಂತು. ಕುಂಚದ ಜೊತೆಗೆ ಭಯವೂ ಬಂತು.

ಅವಳಷ್ಟು ಪುಕ್ಕಲು ಹೆಂಗಸು ಊರಲ್ಲಿ ಇನ್ನೊಬ್ಬಳಿರಲಿಲ್ಲ. ಬೀಗ ಹಾಕಿ ಬೀದಿಯ ಕೊನೆಯವರೆಗೆ ಹೋದವಳು ಮತ್ತೆ ಬಂದು ಬೀಗ ಎಳೆದು ನೋಡುವಳು. ಏಣಿ ಹತ್ತುವ ಮೊದಲು ಪ್ರತಿ ಮೆಟ್ಟಿಲನ್ನೂ ಕೈಯಿಂದ ಅಲುಗಿಸುವಳು. ಅಂಥವಳು ಮದುವೆಯಾದದ್ದು ಬಂದರಿನಲ್ಲಿ ಹಡಗುಗಳ ಹಗ್ಗ ಕಟ್ಟುವವನನ್ನು. "ಹಗ್ಗ ಕಂಡ್ರೂ ಹಾವು ಅನ್ನೋವಳು ಹಗ್ಗದವನನ್ನೇ ಕಟ್ಕೊಂಡ್ಲಲ್ಲ" ಎಂದು ಅವಳ ಅತ್ತೆ ಮದುವೆಯ ದಿನವೇ ನಕ್ಕಿದ್ದಳು. ಆ ಮಾತು ಊರಲ್ಲಿ ಇನ್ನೂ ಹಳೆಯದಾಗಿಲ್ಲ.

ಆ ವರ್ಷ ದೊಡ್ಡ ಪ್ರವಾಸಿ ಹಡಗೊಂದು ದ್ವೀಪಕ್ಕೆ ಬರುವುದೆಂದು ಗೊತ್ತಾಯಿತು. ಬೆಳಿಗ್ಗೆ ಬಂದು ಕತ್ತಲಾಗುವ ಮೊದಲು ಹೊರಡುವ ಹಡಗು. ಪ್ರವಾಸ ಕಚೇರಿಯ ಅಧಿಕಾರಿ ಗೆರೆಯಕ್ಕನನ್ನು ಕರೆಸಿಕೊಂಡ. ಅವನು ಬೇರೆ ಊರಿನಿಂದ ಹೊಸದಾಗಿ ವರ್ಗವಾಗಿ ಬಂದವನು. ಒಳ್ಳೆಯ ಹುಡುಗ, ಸ್ವಲ್ಪ ಅವಸರ.

"ಅವರಿಗೆ ಗೈಡ್ ಬೇಡ್ವಂತೆ ಅಕ್ಕ, ತಾವೇ ನಡ್ಕೊಂಡು ನೋಡ್ತಾರಂತೆ. ನಮ್ಮ ಭಾಷೆ ಬರಲ್ಲ. ಅದಕ್ಕೇ ನೆಲದ ಮೇಲೆ ಬಾಣ ಬರೆದುಬಿಡಿ. ಎಲ್ಲಿ ಹೋಗ್ಬೇಕು, ಎಲ್ಲಿ ತಿರುಗ್ಬೇಕು, ಎಲ್ಲಾ ನೀವೇ ಯೋಚನೆ ಮಾಡಿ."

"ನಾನಾ? ನಾನು ಗೆರೆ ಎಳೆಯೋವಳು ಸರ್. ದಾರಿ ಎಲ್ಲಾ ಯೋಚನೆ ಮಾಡೋಕೆ..."

"ನಿಮಗೆ ಎಲ್ಲದಕ್ಕೂ ಭಯ ಅಂತ ಕೇಳಿದೀನಿ. ಅದಕ್ಕೇ ನಿಮ್ಮನ್ನ ಕರೆದದ್ದು. ಧೈರ್ಯದವರಿಗೆ ಹೇಳಿದ್ರೆ ಬಂಡೆ ಮೇಲೆಲ್ಲಾ ಹತ್ತಿಸ್ತಾರೆ."

ಹೊಗಳಿದನೋ ಹಂಗಿಸಿದನೋ ಎಂದು ಅವಳಿಗೆ ತಿಳಿಯಲಿಲ್ಲ. ಆದರೆ ಮನೆಗೆ ಬರುವ ದಾರಿಯಲ್ಲೇ ಯೋಚನೆ ಹತ್ತಿತು. ರಸ್ತೆಯ ಗೆರೆಯನ್ನು ಯಾರೂ ನಂಬಿ ನಡೆಯುವುದಿಲ್ಲ. ಕಣ್ಣು ತಮ್ಮದು, ಗಾಡಿ ತಮ್ಮದು. ಬಾಣ ಹಾಗಲ್ಲ. ಊರು ಗೊತ್ತಿಲ್ಲದವರು, ಭಾಷೆ ಗೊತ್ತಿಲ್ಲದವರು, ಬಾಣವೊಂದನ್ನೇ ನಂಬಿ ಬರುತ್ತಾರೆ. ತನ್ನ ಬಾಣವನ್ನು ನಂಬಿದ ಒಬ್ಬರಿಗೆ ಏನಾದರೂ ಆಗಿಬಿಟ್ಟರೆ? ರಾತ್ರಿ ಊಟಕ್ಕೆ ಕುಳಿತಾಗ ಇದನ್ನೇ ಗಂಡನಿಗೆ ಹೇಳಿದಳು.

"ಆಗದ ಹಾಗೆ ಬರಿ" ಎಂದ ಅವನು. ಅವನ ಮಾತು ಯಾವಾಗಲೂ ಇಷ್ಟೇ. ಮಾತನ್ನೂ ಹಗ್ಗದಂತೆ ಬೇಕಾದಷ್ಟೇ ಬಿಡುವವನು.

ಆಗದ ಹಾಗೆ ಬರೆಯಬೇಕೆಂದರೆ ಆಗಬಹುದಾದದ್ದೆಲ್ಲ ಗೊತ್ತಿರಬೇಕು. ಗೆರೆಯಕ್ಕ ಬಂದರಿನಿಂದ ಹೊರಟು ಊರನ್ನು ತನ್ನ ಭಯಗಳ ಮೂಲಕವೇ ನೋಡುತ್ತ ಹೋದಳು. ಮೀನುಪೇಟೆಯ ಕಲ್ಲು ಸದಾ ಒದ್ದೆ, ಜಾರುತ್ತದೆ. ದಾರಿಯನ್ನು ಪಕ್ಕದ ಓಣಿಗೆ ಸರಿಸಿದಳು. ಆ ಓಣಿಯಲ್ಲಿ ಬೇಕರಿಯವನ ನಾಯಿ. ಹಡಗು ಬರುವ ದಿನ ಕಟ್ಟಿಹಾಕುತ್ತೇನೆಂದು ಅವನಿಂದ ಮಾತು ತೆಗೆದುಕೊಂಡಳು. ಹಳೆಯ ಉಗ್ರಾಣದ ಸೂರಿನಲ್ಲಿ ಒಂದು ಹೆಂಚು ಸಡಿಲಾಗಿತ್ತು. ಅದರ ಯಜಮಾನನನ್ನು ಕಾಡಿ ಬೇಡಿದಳು, ಕೊನೆಗೆ ಅವನು ಕಾಟ ತಾಳಲಾರದೆ ಸರಿ ಮಾಡಿಸಿದ. ನಡೆಯುವವರಲ್ಲಿ ಮುದುಕರೂ ಇರುತ್ತಾರೆಂದು ಅತ್ತೆಯನ್ನು ಜೊತೆಗೆ ಕರೆದುಕೊಂಡು ಹೋದಳು. ಅತ್ತೆಗೆ ಮಂಡಿನೋವು, ಕೈಯಲ್ಲಿ ಕೋಲು, ಬಾಯಲ್ಲಿ ಅದಕ್ಕಿಂತ ಉದ್ದದ ಕೋಲು.

"ನನ್ನನ್ಯಾಕೆ ಎಳ್ಕೊಂಡು ಹೋಗ್ತೀಯೇ? ನಾನೇನು ಹಡಗಲ್ಲಿ ಬಂದವಳಾ?"

"ನಿಮ್ಮ ಕಾಲಿಗೆ ಆಗೋ ದಾರಿ ಯಾರ ಕಾಲಿಗಾದ್ರೂ ಆಗುತ್ತೆ ಅತ್ತೆ."

"ಓಹೋ, ನಾನು ನಿನ್ನ ಅಳತೆಪಟ್ಟಿ! ಸರಿ, ಅಳತೆಪಟ್ಟಿ ಇಲ್ಲಿ ಕೂತ್ಕೊಳ್ಳುತ್ತೆ. ಇಲ್ಲೊಂದು ಬೆಂಚು ಹಾಕಿಸು."

ಅತ್ತೆ ಕುಳಿತಲ್ಲೆಲ್ಲ ಬೆಂಚು ಬಂತು. ಅತ್ತೆ ಬೈದ ಮೆಟ್ಟಿಲುಗಳಿಗೆ ಹಿಡಿಕಂಬಿ ಬಂತು. ದಾರಿ ಪೇಟೆಬೀದಿ ದಾಟಿ, ಶಾಲೆಯ ಹಿಂದಿನ ಮೆಟ್ಟಿಲು ಹತ್ತಿ, ಕಡಲಗೋಡೆಯ ಗುಂಟ ಸಾಗಿ, ಕೊನೆಗೆ ಕಲ್ಲುದಾರಿ ಹಿಡಿದು ದೀಪಸ್ತಂಭವನ್ನು ಮುಟ್ಟುತ್ತಿತ್ತು. ದೀಪಸ್ತಂಭ ಊರಿಗೆ ಅಂಟಿಕೊಂಡಿಲ್ಲ. ಸ್ವಲ್ಪ ದೂರದಲ್ಲಿ ಕಡಲಿನೊಳಗೊಂದು ಎತ್ತರದ ಬಂಡೆ, ಅದರ ಮೇಲೆ ಸ್ತಂಭ. ನಡುವೆ ಹಿಂದಿನ ಕಾಲದವರು ಚಪ್ಪಟೆ ಕಲ್ಲುಗಳನ್ನು ಹಾಸಿ ಮಾಡಿದ ದಾರಿ. ನೋಡಲು ಚೆಂದವೆಂದರೆ ಅದೇ. ಹೋದ ದಾರಿಯಲ್ಲೇ ವಾಪಸು ಬರಬೇಕು, ಹಾಗಾಗಿ ಹೋಗುವುದಕ್ಕೆ ಹಳದಿ ಬಾಣ, ಬರುವುದಕ್ಕೆ ಬಿಳಿ ಬಾಣ. ಬಣ್ಣ ಹಸಿಯಿರುವಾಗಲೇ ಅದರ ಮೇಲೆ ಗಾಜಿನ ಸಣ್ಣ ಮಣಿಗಳನ್ನು ಉದುರಿಸಿದಳು, ರಸ್ತೆಗೆ ಮಾಡುವಂತೆ. ಬಿಸಿಲು ಬಿದ್ದರೆ ಬಾಣ ಮಿರಮಿರ ಮಿಂಚುತ್ತಿತ್ತು.

ಪ್ರತಿ ಸಲ ಮನೆಯಿಂದ ಹೊರಡುವ ಮೊದಲು ಅತ್ತೆ ಅಡುಗೆಮನೆಯ ಕಿಟಕಿಯಿಂದ ಒಮ್ಮೆ ಇಣುಕುತ್ತಿದ್ದಳು. "ಎಮ್ಮೆ ಕಾಣ್ತಿದೆ, ನಡಿ" ಎನ್ನುತ್ತಿದ್ದಳು. ಎಮ್ಮೆಯೆಂದರೆ ಬಂದರಿನ ಬಾಯಲ್ಲಿರುವ ಕರಿ ಬಂಡೆ. ನೀರಿಳಿದಾಗ ಅದರ ಬೆನ್ನು ಕಾಣುತ್ತದೆ, ನೀರೇರಿದಾಗ ಮುಳುಗುತ್ತದೆ. ಅದು ಮುಳುಗಿದ ಸ್ವಲ್ಪ ಹೊತ್ತಿಗೆ ಕಲ್ಲುದಾರಿಯೂ ಮುಳುಗುತ್ತದೆ. ದಿನಕ್ಕೆರಡು ಸಲ ಹೀಗೆ. ತಡವಾಗಿ ಬಂದ ಮಗುವಿಗೆ ಟೀಚರು, "ಎಮ್ಮೆ ಮುಳುಗಿದ ಮೇಲೆ ಬಂದ್ಯಾ?" ಎನ್ನುತ್ತಾರೆ. ಕೈತಪ್ಪಿದ ಸಂಬಂಧಕ್ಕೆ ಹೆಂಗಸರು, "ಅಯ್ಯೋ, ಎಮ್ಮೆ ಮುಳುಗಿತು ಬಿಡು" ಎಂದು ನಿಟ್ಟುಸಿರಿಡುತ್ತಾರೆ. ಎಮ್ಮೆ ನೋಡಿ ಕಲ್ಲುದಾರಿಗೆ ಇಳಿಯಬೇಕೆಂದು ಅಲ್ಲಿ ಯಾರೂ ಯಾರಿಗೂ ಕಲಿಸಿದ್ದಿಲ್ಲ. ಅನ್ನ ಬಾಯಿಗೆ ಇಟ್ಟುಕೊಳ್ಳಬೇಕು, ಕಿವಿಗಲ್ಲ ಎಂದು ಯಾರು ಕಲಿಸುತ್ತಾರೆ?

ಗೆರೆಯಕ್ಕ ನಾಯಿಗೆ ಹೆದರಿದಳು, ಹೆಂಚಿಗೆ ಹೆದರಿದಳು, ಒದ್ದೆ ಕಲ್ಲಿಗೆ ಹೆದರಿದಳು. ಕಡಲಿಗೆ ಹೆದರಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಹುಟ್ಟಿದಂದಿನಿಂದ ಪಕ್ಕದಲ್ಲೇ ಇದ್ದದ್ದು, ಮನೆಯವರ ಹಾಗೆ.

ಹಡಗು ಬಂದ ಬೆಳಿಗ್ಗೆ ಅವಳು ತಿಂಡಿ ಮುಟ್ಟಲಿಲ್ಲ. ಬಂದರುಕಟ್ಟೆಯ ಮೊದಲ ಬಾಣದ ಹತ್ತಿರ ಹೆಗಲಿಗೆ ಕೆಲಸದ ಚೀಲ ಹಾಕಿಕೊಂಡು ನಿಂತಳು. ಕುಂಚ, ಗೆರೆ ಹಿಡಿಯುವ ನೂಲು, ರಸ್ತೆ ಕೆಲಸದಲ್ಲಿ ಗಾಡಿ ನಿಲ್ಲಿಸಲು ಬಳಸುವ ಕೆಂಪು ಬಾವುಟ, ಎಲ್ಲ ಅದರಲ್ಲಿತ್ತು. ಹಡಗು ಊರಿಗಿಂತ ಎತ್ತರವಿತ್ತು. ಅದರ ಹೊಟ್ಟೆಯಿಂದ ಟೋಪಿ, ಕೊಡೆ, ಕ್ಯಾಮೆರಾಗಳು ಇಳಿದು ಬಂದವು. ಬಾಣ ನೋಡಿದವರು ನಕ್ಕು, ಒಬ್ಬರಿಗೊಬ್ಬರು ತೋರಿಸಿ, ಅದರ ಮೇಲೆ ಕಾಲಿಟ್ಟು ಹೊರಟರು. ಒಬ್ಬ ಅಜ್ಜ ಏಳೆಂಟು ವರ್ಷದ ಮೊಮ್ಮಗಳ ಕೈ ಹಿಡಿದು ನಡೆದ. ಹುಡುಗಿ ಒಂದು ಬಾಣದಿಂದ ಇನ್ನೊಂದಕ್ಕೆ ಕುಂಟೆಬಿಲ್ಲೆ ಆಡಿದಂತೆ ಹಾರುತ್ತಿದ್ದಳು. ಅಜ್ಜಿ ಮಾತ್ರ ಕಟ್ಟೆಯ ಬೆಂಚಿನಲ್ಲಿ ಉಳಿದಳು, ಕಾಲು ಊದಿಕೊಂಡಿತ್ತು.

ಮಧ್ಯಾಹ್ನದವರೆಗೂ ಏನೂ ಆಗಲಿಲ್ಲ. ಹೋದವರು ಬರುತ್ತಿದ್ದರು, ಮುಖ ಬಿಸಿಲಿಗೆ ಕೆಂಪಾಗಿ, ಕೈಯಲ್ಲಿ ಬೇಕರಿಯ ಪೊಟ್ಟಣ. ಗೆರೆಯಕ್ಕನ ಭಯ ನಿಧಾನಕ್ಕೆ ಇಳಿಯುತ್ತಿತ್ತು. ಹಸಿವೆಯೂ ಆಯಿತು. ಅತ್ತೆ ಕಳಿಸಿದ ಡಬ್ಬಿಯನ್ನು ತೆರೆದು ಗಂಡನ ಪಕ್ಕ ಹೋಗಿ ನಿಂತಳು. ಅವನು ಹಡಗಿನವರಿಗೆ ಕೈ ಮಾಡುತ್ತ ಹಗ್ಗ ಸಡಿಲ ಬಿಡಿಸುತ್ತಿದ್ದ.

"ಊಟ ಮಾಡ್ರೀ."

"ಇರು, ಹಡಗು ಮೇಲೇಳ್ತಾ ಇದೆ. ಬಿಡದೇ ಇದ್ರೆ ಹಗ್ಗ ಬಿಗಿಯುತ್ತೆ. ನಿನ್ನೆ ಅಮಾವಾಸ್ಯೆ ಅಲ್ವಾ, ನೀರು ಜಾಸ್ತಿ."

ಅಮಾವಾಸ್ಯೆಯಲ್ಲೂ ಹುಣ್ಣಿಮೆಯಲ್ಲೂ ಸೂರ್ಯ ಚಂದ್ರರು ಭೂಮಿಯೊಡನೆ ಒಂದೇ ಗೆರೆಯಲ್ಲಿ ನಿಂತು ಎಳೆಯುತ್ತಾರೆ. ನೀರು ಉಳಿದ ದಿನಗಳಿಗಿಂತ ಎತ್ತರಕ್ಕೆ ಏರುತ್ತದೆ, ಬೇಗ ಏರುತ್ತದೆ. ಬಂದರಿನಲ್ಲಿ ಇದು ದಿನದ ಮಾತು. ಗೆರೆಯಕ್ಕ ಕೇಳಿದಳು, ಕೇಳಿಯೂ ಕೇಳಲಿಲ್ಲ. ತುತ್ತು ಬಾಯಿಗಿಟ್ಟಳು.

ಆಗ ಬೆಂಚಿನ ಅಜ್ಜಿ ಎದ್ದು ಬಂದಳು. ಮುಖದ ತುಂಬ ನಗು. ಫೋನ್ ಮುಂದೆ ಹಿಡಿದು ತನ್ನ ಭಾಷೆಯಲ್ಲಿ ಏನೋ ಹೇಳಿದಳು, ಇದು ಎಷ್ಟು ಚೆಂದದ ಜಾಗ ಎಂಬಂತೆ. ಆಗಷ್ಟೇ ಬಂದ ಫೋಟೋ. ಮೊಮ್ಮಗಳು ಹಳದಿ ಬಾಣದ ಮೇಲೆ ಒಂಟಿ ಕಾಲಲ್ಲಿ ನಿಂತಿದ್ದಾಳೆ, ಹಿಂದೆ ದೀಪಸ್ತಂಭ. ಕಲ್ಲುದಾರಿಯ ಎರಡೂ ಬದಿಗೆ ನೀಲಿ ನೀರು, ಕಲ್ಲಿನ ಅಂಚನ್ನು ನೆಕ್ಕುತ್ತಿದೆ.

ಗೆರೆಯಕ್ಕ ತಲೆಯೆತ್ತಿ ಬಂದರಿನ ಬಾಯಿಯತ್ತ ನೋಡಿದಳು. ಎಮ್ಮೆ ಇರಲಿಲ್ಲ.

ಬಾಯಲ್ಲಿದ್ದ ತುತ್ತು ಮಣ್ಣಾಯಿತು. ಡಬ್ಬಿ ಕೈಯಿಂದ ಜಾರಿ ಕಟ್ಟೆಯ ಮೇಲೆ ಉರುಳಿತು. ಬಾಣ ಹಾಕಿದ್ದಳು, ಬೆಂಚು ಹಾಕಿಸಿದ್ದಳು, ನಾಯಿಯನ್ನು ಕಟ್ಟಿಸಿದ್ದಳು. ಎಮ್ಮೆಯ ಮಾತನ್ನು ಎಲ್ಲೂ ಬರೆದಿರಲಿಲ್ಲ. ಯಾರಿಗೆ ಬರೆಯಬೇಕಿತ್ತು? ಎಲ್ಲರಿಗೂ ಗೊತ್ತಿದ್ದದ್ದೇ.

"ರೀ! ಎಮ್ಮೆ ಮುಳುಗಿದೆ! ಅವರು ಆಚೆ ಇದಾರೆ! ಮಗು ಇದೆ!"

ಗಂಡ ಕೈಯ ಕೆಲಸವನ್ನು ಪಕ್ಕದವನಿಗೆ ಒಪ್ಪಿಸಿ, ಹಡಗಿನ ಹಗ್ಗ ಸಾಗಿಸುವ ಸಣ್ಣ ದೋಣಿಯತ್ತ ಓಡಿದ. ಅವಳು ಇನ್ನೊಂದು ಕಡೆಗೆ ಓಡಿದಳು. ಅಜ್ಜಿಯ ಮುಖದ ನಗು ಹಾಗೇ ನಿಂತಿತ್ತು, ಅದರ ಅರ್ಥವಷ್ಟೇ ಹೋಗಿತ್ತು.

ಪೇಟೆಬೀದಿಯಲ್ಲಿ ಬಾಣಗಳು ಅವಳ ಕಾಲ ಕೆಳಗೆ ಒಂದೊಂದಾಗಿ ಹಾದುಹೋದವು. ಎಲ್ಲವೂ ನೇರ, ಎಲ್ಲವೂ ಮಿಂಚುವವು. ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದಳು! ಸ್ವಲ್ಪ ಸೊಟ್ಟಗಿದ್ದಿದ್ದರೆ ಯಾರಾದರೂ ಅನುಮಾನ ಪಡುತ್ತಿದ್ದರೇನೋ. ಓಣಿಯಲ್ಲಿ ಬೇಕರಿಯವನು ಬಾಗಿಲಿಂದಲೇ, "ಏನಕ್ಕ, ನಾಯಿ ಕಟ್ಟಿದೀನಿ!" ಎಂದು ಕೂಗಿದ. ಅವಳು ನಿಲ್ಲದೆ ಓಡಿದಳು. ಶಾಲೆಯ ಹಿಂದಿನ ಮೆಟ್ಟಿಲುಗಳಲ್ಲಿ ಉಸಿರು ಕಟ್ಟಿತು. ಅತ್ತೆಗೆಂದು ಹಾಕಿಸಿದ ಕಂಬಿಯನ್ನು ತಾನೇ ಹಿಡಿದು ಹತ್ತಿದಳು. ಆ ಕಲ್ಲುದಾರಿಯ ನಡುಭಾಗ ತಗ್ಗು. ನೀರು ಮೊದಲು ಅಲ್ಲೇ ಒಂದು ಬದಿಯಿಂದ ಇನ್ನೊಂದು ಬದಿಗೆ ನುಗ್ಗುತ್ತದೆ. ಪಾಚಿ ಹಿಡಿದ ಕಲ್ಲು. ಮೊಣಕಾಲುದ್ದದ ನೀರಾದರೂ ಸಾಕು, ನಿಂತ ಗಂಡಸನ್ನು ಎತ್ತಿ ಒಗೆಯುತ್ತದೆ. ಇದೂ ಊರಿಗೆಲ್ಲ ಗೊತ್ತಿದ್ದದ್ದೇ.

ಕಡಲಗೋಡೆಯ ತಿರುವು ದಾಟಿದಾಗ ಅಜ್ಜ, ಮೊಮ್ಮಗಳು ಇಬ್ಬರೇ ಕಂಡರು. ಆಚೆ ತುದಿಯಿಂದ ಇಳಿದು ಬರುತ್ತಿದ್ದರು, ಊರಿನ ಕಡೆಗೆ, ಅವಳ ಬಿಳಿ ಬಾಣ ಹಿಡಿದು. ಅಜ್ಜ ಪ್ಯಾಂಟನ್ನು ಮೊಣಕಾಲಿಗೆ ಮಡಚಿದ್ದ. ಇಬ್ಬರ ಕೈಯಲ್ಲೂ ಚಪ್ಪಲಿ. ನಡುವಿನ ಕಲ್ಲುಗಳು ಕಾಣುತ್ತಿರಲಿಲ್ಲ. ಆದರೆ ತೆಳು ನೀರಿನ ಕೆಳಗೆ ಬಾಣಗಳು ಇನ್ನೂ ಮಿಂಚುತ್ತಿದ್ದವು. ಬನ್ನಿ, ಹೀಗೇ ಬನ್ನಿ ಎನ್ನುತ್ತಿದ್ದವು.

"ಬರಬೇಡಿ! ನಿಲ್ಲಿ! ಹಿಂದೆ ಹೋಗಿ!"

ಹುಡುಗಿ ತಲೆಯೆತ್ತಿ ನೋಡಿದಳು. ಕೂಗುತ್ತ ಕೈ ಬೀಸುವ ಹೆಂಗಸನ್ನು ಕಂಡು, ಸ್ವಾಗತವೆಂದುಕೊಂಡು, ತಾನೂ ಚಪ್ಪಲಿ ಹಿಡಿದ ಕೈ ಬೀಸಿದಳು. ಅಜ್ಜನೂ ಬೀಸಿದ. ಇನ್ನೊಂದು ಹೆಜ್ಜೆ ಇಟ್ಟರು.

ಗೆರೆಯಕ್ಕನ ಕೈ ತಾನಾಗಿ ಚೀಲದೊಳಕ್ಕೆ ಹೋಗಿ ಕೆಂಪು ಬಾವುಟವನ್ನು ಎಳೆಯಿತು. ನೀರಿಗಿಳಿದಳು. ಈಚೆ ತುದಿಯಲ್ಲಿ ನೀರು ಕಣಕಾಲಿನಷ್ಟೇ, ಆದರೂ ಅದರ ಎಳೆತ ಕಾಲಿಗೆ ತಿಳಿಯುತ್ತಿತ್ತು. ಕಾಲು ಅಗಲಿಸಿ ನಿಂತು, ರಸ್ತೆಯ ನಡುವೆ ಲಾರಿಗಳೆದುರು ನಿಲ್ಲುವಂತೆಯೇ ಬಾವುಟವನ್ನು ಅಡ್ಡಲಾಗಿ ಹಿಡಿದು ಅಂಗೈಯನ್ನು ಮುಂದೆ ಚಾಚಿದಳು.

ಅಜ್ಜ ನಿಂತ.

ನಿಂತು, ಕಾಲ ಬಳಿ ನೀರೊಳಗಿನ ಬಾಣವನ್ನು ಬೆರಳು ಮಾಡಿ ತೋರಿಸಿದ. ಆಮೇಲೆ ಅವಳನ್ನು ತೋರಿಸಿದ. ಭಾಷೆ ಬೇಕಿರಲಿಲ್ಲ. ದಾರಿ ಹೀಗೇ ಎಂದು ಬರೆದಿದೆಯಲ್ಲಮ್ಮ, ನೀನ್ಯಾರು ತಡೆಯೋಕೆ?

ಅಷ್ಟರಲ್ಲಿ ಒಂದು ಅಲೆ ಅಡ್ಡಲಾಗಿ ಬಂತು. ದೊಡ್ಡದೇನಲ್ಲ. ಹುಡುಗಿಯ ತೊಡೆಯವರೆಗೆ ಬಂದು, ಅವಳನ್ನು ಒಂದು ಹೆಜ್ಜೆ ಪಕ್ಕಕ್ಕೆ ಸರಿಸಿತು. ಒಂದು ಚಪ್ಪಲಿ ಕೈಯಿಂದ ಹೋಯಿತು; ತಿರುಗುತ್ತ ತಿರುಗುತ್ತ, ನೋಡುನೋಡುತ್ತಲೇ ದೂರವಾಯಿತು. ಹುಡುಗಿ ಚೀರಿದಳು, ಅದರ ಹಿಂದೆ ಬಾಗಿದಳು. ಅಜ್ಜ ಅವಳ ತೋಳು ಹಿಡಿದ.

ಗೆರೆಯಕ್ಕ ಕೂಗುವುದನ್ನು ಬಿಟ್ಟಳು. ಬಾವುಟವನ್ನು ಕಂಕುಳಿಗೆ ಸಿಕ್ಕಿಸಿ, ಒಂದು ಕೈಯನ್ನು ದೀಪಸ್ತಂಭದ ಕಡೆಗೆ ನೀಟಾಗಿ ಚಾಚಿದಳು; ಇನ್ನೊಂದು ಕೈಯನ್ನು ದೊಡ್ಡದಾಗಿ ಸುತ್ತು ತಿರುಗಿಸಿದಳು. ರಸ್ತೆ ಮುಚ್ಚಿದೆ, ಗಾಡಿ ತಿರುಗಿಸು. ಬಣ್ಣ ಹಸಿಯಿರುವಾಗ ಎಷ್ಟೋ ಡ್ರೈವರುಗಳಿಗೆ ಮಾಡಿದ ಸನ್ನೆ. ಅವರೆಲ್ಲ ಗೊಣಗುತ್ತಲಾದರೂ ತಿರುಗಿಸಿದ್ದರು. ಇವನು ತನ್ನ ಊರಲ್ಲಿ ಗಾಡಿ ಓಡಿಸಿರಲಿ ದೇವರೇ, ಎಂದುಕೊಂಡಳು. ತಿರುಗಿಸಿದಳು, ತಿರುಗಿಸುತ್ತಲೇ ಇದ್ದಳು.

ತೇಲಿ ಹೋಗುತ್ತಿದ್ದ ಚಪ್ಪಲಿಯನ್ನು ಅಜ್ಜ ನೋಡಿದ. ಬಾಣವನ್ನು ನೋಡಿದ. ಕೊನೆಗೆ ಅವಳ ಕೈಯನ್ನು ನೋಡಿದ. ಮೊಮ್ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಬಹಳ ನಿಧಾನಕ್ಕೆ, ಬಂದ ಕಡೆಗೇ ತಿರುಗಿದ.

ಆ ಹೆಜ್ಜೆಗಳನ್ನು ಅವಳು ಒಂದೊಂದಾಗಿ ಎಣಿಸಿದಳು. ಒಮ್ಮೆ ಅವನ ಕಾಲು ಜಾರಿತು, ಮೈ ವಾಲಿತು, ನಿಂತಿತು. ಅವಳು ತನಗರಿವಿಲ್ಲದೆ ನೀರಿನಲ್ಲಿ ಮುಂದೆ ಹೋಗಿದ್ದಳು; ಮೊಣಕಾಲಿಗೆ ನೀರು ಬಡಿದಾಗಲೇ ಎಚ್ಚರವಾಗಿ ಗೋಡೆಗೆ ಹಿಂದಿರುಗಿದಳು. ಅವನು ಬಂಡೆಯ ಮೆಟ್ಟಿಲು ಹತ್ತಿ ಕುಳಿತುಕೊಂಡ. ಹುಡುಗಿ ಅವನ ಕುತ್ತಿಗೆ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಬಂಡೆಯ ಮರೆಯಿಂದ ಗಂಡನ ದೋಣಿಯ ಮೂತಿ ಕಾಣಿಸಿತು. ಆ ಮೂತಿಯ ಮೇಲಿನ ಅಂಕಿಯೂ ಅವಳೇ ಬರೆದದ್ದು.

ಬಂದರಿನಲ್ಲಿ ಅಜ್ಜಿ ಮೊಮ್ಮಗಳನ್ನು ಸೆರಗಿಲ್ಲದ ತನ್ನ ಉಡುಪಿನಲ್ಲೇ ಸುತ್ತಿ ಅಪ್ಪಿಕೊಂಡಳು, ತನ್ನ ಗಂಡನ ತೋಳಿಗೆ ಪಟಪಟ ಹೊಡೆದಳು, ಆಮೇಲೆ ಅತ್ತಳು. ಅಜ್ಜ ನೇರ ಗೆರೆಯಕ್ಕನ ಬಳಿಗೆ ಬಂದು ಅವಳ ಎರಡೂ ಕೈ ಹಿಡಿದುಕೊಂಡ. ಕಣ್ಣು ತುಂಬಿತ್ತು. ಕೃತಜ್ಞತೆಗೆ ಯಾವ ಭಾಷೆಯಾದರೂ ಒಂದೇ. ಅವಳಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

"ಬಾಣ ನನ್ನದು" ಎಂದಳು. ಅವನಿಗೆ ತಿಳಿಯಲಿಲ್ಲ. ಉಗುರಿನ ಸಂದಿಯಲ್ಲಿ ಉಳಿದಿದ್ದ ಬಿಳಿ ಬಣ್ಣವನ್ನು ತೋರಿಸಿದಳು, ಕಾಲ ಕೆಳಗಿನ ಬಾಣವನ್ನು ತೋರಿಸಿದಳು, ತನ್ನ ಎದೆಯನ್ನು ಮುಟ್ಟಿಕೊಂಡಳು. ಅವನು ಇನ್ನಷ್ಟು ಜೋರಾಗಿ ತಲೆಯಾಡಿಸಿ, ಅವಳ ಪಕ್ಕ ನಿಂತು ಹೆಂಡತಿಯಿಂದ ಫೋಟೋ ತೆಗೆಸಿಕೊಂಡ. ಆ ಫೋಟೋದಲ್ಲಿ ಅವಳು ಹೇಗೆ ಕಾಣುತ್ತಾಳೋ, ಅವಳು ನೋಡಿಲ್ಲ.

ಹಡಗು ಹೋಯಿತು. ಅಧಿಕಾರಿ ಓಡಿ ಬಂದಿದ್ದ, ಮುಖ ಬಿಳಿಚಿತ್ತು.

"ಅಕ್ಕ, ಆ ದಾರಿ ಮುಳುಗುತ್ತೆ ಅಂತ ನನಗೂ ಗೊತ್ತಿರ್ಲಿಲ್ಲ. ಹೋದ ವಾರ ನಾನೊಬ್ಬನೇ ಹೋಗಿದ್ದೆ. ಅದೃಷ್ಟ."

"ನಿಮಗೂ ಯಾರೂ ಹೇಳ್ಲಿಲ್ವಾ ಸರ್?"

"ಯಾರೂ ಹೇಳ್ಲಿಲ್ಲ. ಎಮ್ಮೆ, ಎಮ್ಮೆ ಅಂತಿದ್ರು. ನಾನು ಯಾರದೋ ಮನೆ ಎಮ್ಮೆ ಅಂದ್ಕೊಂಡೆ."

ಮನೆಯಲ್ಲಿ ಅತ್ತೆ ಅವಳ ಮುಂದೆ ತಟ್ಟೆ ಇಟ್ಟು, ಕಿಟಕಿಯ ಹತ್ತಿರ ಹೋಗಿ ನಿಂತಳು. "ನಾನೂ ಬಂದಿದ್ನಲ್ಲೇ, ಪ್ರತಿ ಸಲ" ಎಂದಳು. "ಅಳತೆಪಟ್ಟಿಯೇ ತಪ್ಪಿದ್ರೆ ಗೆರೆ ಎಳೆಯೋವಳು ಏನು ಮಾಡ್ತಾಳೆ. ಉಣ್ಣು."

ಅವಳು ಉಣ್ಣಲಿಲ್ಲ. ಕಣ್ಣು ಮುಚ್ಚಿದರೆ ಚಪ್ಪಲಿ ತಿರುಗುತ್ತ ಹೋಗುತ್ತಿತ್ತು.

ಮರುದಿನ ಎಮ್ಮೆಯ ಬೆನ್ನು ಪೂರ್ತಿ ಕಂಡ ಮೇಲೆ ಗಂಡಹೆಂಡತಿ ಕಲ್ಲುದಾರಿಗೆ ಹೋಗಿ ಬಾಣಗಳನ್ನು ಕೆರೆಯಲು ಕುಳಿತರು. ಒಳ್ಳೆಯ ಬಣ್ಣ, ಸುಲಭಕ್ಕೆ ಬಿಡುವಂಥದ್ದಲ್ಲ. ಉಳಿ, ಸುತ್ತಿಗೆ, ತಂತಿಯ ಬ್ರಷ್ಷು. ಗಾಜಿನ ಮಣಿಗಳು ಚುಚ್ಚಿ ಬೆರಳಿನ ತುದಿ ಒಡೆಯಿತು. ಕಡಲಗೋಡೆಯ ಕೊನೆಗೆ ಒಂದು ಹಲಗೆ ಬಂತು. ಅದರಲ್ಲಿ ನೀರಿನೊಳಗೆ ಮುಳುಗುತ್ತಿರುವ ಮನುಷ್ಯನ ಚಿತ್ರ, ಅಡ್ಡ ಕೆಂಪು ಗೆರೆ. ಯಾವ ಭಾಷೆಯವರಿಗೂ ತಿಳಿಯುವಂಥದ್ದು. ಆದರೂ ಕಲ್ಲುದಾರಿಯ ಮೊದಲ ಕಲ್ಲಿನ ಬಾಣ ಮಾತ್ರ ಪೂರ್ತಿ ಹೋಗಲಿಲ್ಲ. ಅದನ್ನು ಎಲ್ಲಕ್ಕಿಂತ ಚೆನ್ನಾಗಿ ಬರೆದಿದ್ದಳು. ಎಷ್ಟು ಕೆರೆದರೂ ಬಿಸಿಲು ಬಿದ್ದಾಗ ಕಲ್ಲಿನೊಳಗಿಂದ ಮಂಕಾಗಿ ಮಿಂಚುತ್ತದೆ.

"ಬಿಡು, ಇನ್ಯಾರಿಗೂ ಕಾಣಲ್ಲ" ಎಂದ ಗಂಡ.

"ನನಗೆ ಕಾಣುತ್ತಲ್ರೀ."

ಈಗ ಹಡಗು ಬಂದ ದಿನ ಗೆರೆಯಕ್ಕ ಬಂದರಿನಲ್ಲಿ ನಿಲ್ಲುವುದಿಲ್ಲ. ಅತ್ತೆಯ ಮರದ ಮಣೆಯನ್ನು ತಂದು ಆ ಕಲ್ಲಿನ ಮೇಲೆ, ಸರಿಯಾಗಿ ಆ ಬಾಣದ ಮೇಲೆ ಇಟ್ಟುಕೊಂಡು, ತೊಡೆಯ ಮೇಲೆ ಕೆಂಪು ಬಾವುಟ ಹಾಕಿಕೊಂಡು ಕೂರುತ್ತಾಳೆ. ನೀರಿಳಿದಿದ್ದರೆ ಎದ್ದು ದಾರಿ ಬಿಡುತ್ತಾಳೆ, ನೀರೇರಿದರೆ ಮಣೆಯನ್ನು ಕಡಲಗೋಡೆಗೆ ಸರಿಸಿ ದಾರಿಗೆ ಅಡ್ಡ ಕೂರುತ್ತಾಳೆ. ಹೋದವರನ್ನೆಲ್ಲ ಎಣಿಸಿ, ಬಂದವರನ್ನೆಲ್ಲ ಮತ್ತೆ ಎಣಿಸುತ್ತಾಳೆ. ಬಂದವರು ಅವಳನ್ನು ಕಂಡು ನಗುತ್ತಾರೆ, ಕೈ ಬೀಸುತ್ತಾರೆ. ಅವಳು ತಿರುಗಿ ಕೈ ಬೀಸುವುದಿಲ್ಲ. ಅವಳ ಕಣ್ಣು ಬಂದರಿನ ಬಾಯಲ್ಲಿರುವ ಆ ಕರಿ ಬೆನ್ನಿನ ಮೇಲೆಯೇ ಇರುತ್ತದೆ.